ಮನೆಗೊಂದು ಕಂಪ್ಯೂಟರ್: ಬಿಡಿಭಾಗ ಹೊಂದಿಸಿ ಕೊಳ್ಳುವುದು ಹೇಗೆ?

ಕಳೆದ ವರ್ಷ ಪಕ್ಕದ ಮನೆಯ ಹುಡುಗ ಎರಡು ತಿಂಗಳು ಆಫರ್‌ಗಳಿಗೆ ಕಾದು ಒಂದೊಂದೇ ಬಿಡಿಭಾಗ ತರಿಸಿಕೊಂಡ. ಜೋಡಿಸಲು ಕೂತ ದಿನ ರ‍್ಯಾಮ್ ಸ್ಲಾಟಿಗೆ ಇಳಿಯಲೇ ಇಲ್ಲ. ಮದರ್‌ಬೋರ್ಡ್ ಡಿಡಿಆರ್5 ಪೀಳಿಗೆಯ ರ‍್ಯಾಮಿನದ್ದು, ಅವನ ಕೈಯಲ್ಲಿದ್ದದ್ದು ಹಿಂದಿನ ಪೀಳಿಗೆಯ ಡಿಡಿಆರ್4. ಬೇರೆ ರ‍್ಯಾಮ್ ತಂದ ಮೇಲೆ ಫ್ಯಾನ್ ತಿರುಗಿತು, ಮಾನಿಟರ್ ಮಾತ್ರ ಕಪ್ಪಗೇ ಇತ್ತು. ಪ್ರೊಸೆಸರ್ ಡಬ್ಬಿ ತಿರುಗಿಸಿ ನೋಡಿದೆ: ಐ3-12100ಎಫ್. ಕೊನೆಯ ಆ ‘ಎಫ್’ ಅಕ್ಷರಕ್ಕೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಒಳಗೆ ಇಲ್ಲ ಎಂದು ಅರ್ಥ. ಅವನು ಕೊಂಡದ್ದೆಲ್ಲ ಒಳ್ಳೆಯ ಮಾಲೇ, ಆದರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಇಂಥ ಪಾಡು ಇನ್ನೂ ಮೂರು ನಾಲ್ಕು ಮನೆಗಳಲ್ಲಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

1. ಕೆಲಸದ ಪಟ್ಟಿ

ಮಕ್ಕಳ ಪಾಠ, ಅಂಗಡಿಯ ಲೆಕ್ಕ, ಕನ್ನಡ ಟೈಪಿಂಗ್, ಮೊಬೈಲಿನಲ್ಲಿ ತೆಗೆದ ವಿಡಿಯೊ ಕತ್ತರಿಸಿ ಜೋಡಿಸುವುದು, ಸಂಜೆಗೊಂದು ಸಣ್ಣ ಗೇಮ್. ಇಷ್ಟೇ ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ.

2. ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಎಡವುವುದೆಲ್ಲ ಇಲ್ಲೇ. ಇವೆರಡನ್ನೂ ಬೇರೆ ಬೇರೆ ವಸ್ತುಗಳೆಂದು ನೋಡಬೇಡಿ, ಒಂದು ಜೋಡಿಯಾಗಿಯೇ ಆರಿಸಿ.

ಮೊದಲು ಗ್ರಾಫಿಕ್ಸ್. ಕಾರ್ಡ್ ಹಾಕುವುದಿಲ್ಲವಾದರೆ ಪ್ರೊಸೆಸರಿನೊಳಗೇ ಅದು ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಬಿಡಿ. 12100 ಆಗಬಹುದು, 12100ಎಫ್ ಬೇಡ. ಎಎಂಡಿಯ ಎಎಂ4 ಸಾಕೆಟ್‌ನ (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ ಪ್ರೊಸೆಸರ್‌ಗಳಲ್ಲಿ ಲೆಕ್ಕ ತಿರುಗುಮುರುಗು, ಹೆಸರಿನಲ್ಲಿ ‘ಜಿ’ ಇದ್ದರೆ ಮಾತ್ರ ಗ್ರಾಫಿಕ್ಸ್ ಉಂಟು. 5600ಜಿ ಸರಿ, ಬರೀ 5600 ಅಥವಾ 5500 ತಂದರೆ ಪರದೆ ಬೆಳಗುವುದಿಲ್ಲ. ಬೋರ್ಡಿನ ಹಿಂಬದಿಯಲ್ಲಿ ಎಚ್‌ಡಿಎಂಐ ಕಿಂಡಿ ಇದೆಯಲ್ಲ ಎಂದು ಅನೇಕರು ನಂಬಿ ಕೂರುತ್ತಾರೆ. ಆ ಕಿಂಡಿಗೆ ಚಿತ್ರ ಬರುವುದು ಪ್ರೊಸೆಸರಿನಿಂದ.

ಎರಡನೆಯದು ಸಾಕೆಟ್. ಇಂಟೆಲ್‌ನ 12, 13, 14ನೇ ಪೀಳಿಗೆಗಳು ಎಲ್‌ಜಿಎ 1700ರಲ್ಲಿ ಕೂರುತ್ತವೆ. ರೈಜನ್ 5000 ಸರಣಿಗೆ ಎಎಂ4, 7000 ಸರಣಿಯಿಂದ ಮುಂದಕ್ಕೆ ಎಎಂ5. ಇದನ್ನು ಅಂಗಡಿಯವರೂ ಸಾಮಾನ್ಯವಾಗಿ ತಪ್ಪಿಸುವುದಿಲ್ಲ.

ಮೂರನೆಯದು ಕಣ್ಣಿಗೆ ಕಾಣದ್ದು, ಅದಕ್ಕೇ ಹೆಚ್ಚು ಕಾಡುವುದು: ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದೊಡನೆ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ. ಸಾಕೆಟ್ ಹೊಂದಿದರೂ ಬೋರ್ಡಿನಲ್ಲಿರುವ ಹಳೆಯ ಬಯಾಸ್‌ಗೆ ಹೊಸ ಪ್ರೊಸೆಸರಿನ ಗುರುತು ಸಿಗದಿರಬಹುದು. ಬಿ450 ಚಿಪ್‌ಸೆಟ್ (ಬೋರ್ಡಿನ ಬಗೆಯನ್ನು ಹೇಳುವ ಮುಖ್ಯ ಚಿಪ್) ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಬಿ450 ಬೋರ್ಡ್ ತಂದರೆ ಫ್ಯಾನ್ ತಿರುಗುತ್ತದೆ, ಬೇರೇನೂ ಆಗುವುದಿಲ್ಲ. ಎಚ್610 ಬೋರ್ಡಿಗೆ 14ನೇ ಪೀಳಿಗೆಯ ಪ್ರೊಸೆಸರ್ ಹಾಕುವಾಗಲೂ ಇದೇ ತೊಂದರೆ ಬರಬಹುದು. ಹಣ ಕೊಡುವ ಮೊದಲು ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಆ ಮಾದರಿಯ ‘ಸಿಪಿಯು ಸಪೋರ್ಟ್’ ಪಟ್ಟಿ ತೆರೆಯಿರಿ. ನಿಮ್ಮ ಪ್ರೊಸೆಸರಿನ ಹೆಸರಿನ ಎದುರು ಯಾವ ಬಯಾಸ್ ಆವೃತ್ತಿ ಬೇಕೆಂದು ಬರೆದಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಪ್‌ಡೇಟ್ ಮಾಡಿಯೇ ಕೊಡಿ ಎಂದು ಕೇಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಎದುರಿಗೇ ನಿಂತು ಮಾಡಿಸಿಕೊಳ್ಳಬಹುದು. ಆನ್‌ಲೈನಿನಲ್ಲಿ ತರಿಸುವುದಾದರೆ ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್‌ನಿಂದ ಬಯಾಸ್ ಬದಲಿಸುವ ‘ಫ್ಲ್ಯಾಶ್‌ಬ್ಯಾಕ್’ ಗುಂಡಿ ಇರುವ ಬೋರ್ಡನ್ನೇ ನೋಡಿ.

ನನ್ನನ್ನು ಕೇಳಿದರೆ ಮನೆಗೆ 5600ಜಿ, ಜೊತೆಗೆ ನಾಲ್ಕು ರ‍್ಯಾಮ್ ಸ್ಲಾಟ್‌ಗಳ ಬಿ550 ಬೋರ್ಡ್. ಆರು ಕೋರ್, ಅದನ್ನು ತಣ್ಣಗಿಡುವ ಕೂಲರ್ ಡಬ್ಬಿಯಲ್ಲೇ ಬರುತ್ತದೆ. ‘ಟ್ರೇ’ ಪ್ರೊಸೆಸರ್ ಅಗ್ಗಕ್ಕೆ ಸಿಗುತ್ತದೆ ಎಂದು ಆಸೆ ಹುಟ್ಟಿಸುತ್ತಾರೆ. ಅದಕ್ಕೆ ಡಬ್ಬಿಯೂ ಇಲ್ಲ, ಕೂಲರೂ ಇಲ್ಲ, ಕಂಪನಿಯ ಮೂರು ವರ್ಷದ ವಾರಂಟಿಯೂ ಸಿಗುವುದಿಲ್ಲ. ಬೇಡ.

ಇನ್ನೊಂದು ಮಾತು. ‘ಐ7 ಕಂಪ್ಯೂಟರ್, ಅರ್ಧ ಬೆಲೆ’ ಎಂಬ ಸೆಟ್‌ಗಳು ಎಲ್ಲ ಊರಿನಲ್ಲೂ ಸಿಗುತ್ತವೆ. ಕೇಳಿ ನೋಡಿ, ಬಹುಪಾಲು 3 ಅಥವಾ 4ನೇ ಪೀಳಿಗೆಯ ಹಳೆಯ ಪ್ರೊಸೆಸರ್, ಅದಕ್ಕೊಂದು ಎಚ್61 ಇಲ್ಲವೇ ಎಚ್81 ಬೋರ್ಡ್. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಪೀಳಿಗೆಗಿಂತ ಹಿಂದಿನವನ್ನು, ಬೆರಳೆಣಿಕೆಯವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸ್ ಬಳಸುವವರಲ್ಲದಿದ್ದರೆ ಅದರತ್ತ ಹೋಗಬೇಡಿ.

3. ರ‍್ಯಾಮ್

ಎಎಂ4 ಎಂದರೆ ಡಿಡಿಆರ್4, ಎಎಂ5 ಎಂದರೆ ಡಿಡಿಆರ್5. ಗೊಂದಲ ಎಲ್‌ಜಿಎ 1700ರಲ್ಲಿ. ಒಂದೇ ಎಚ್610 ಎರಡು ಬಗೆಯಲ್ಲೂ ಬರುತ್ತದೆ, ಹೆಸರಿನ ಬಾಲದಲ್ಲಿ ಒಂದೆರಡು ಅಕ್ಷರಗಳಷ್ಟೇ ವ್ಯತ್ಯಾಸ. ಎರಡೂ ರ‍್ಯಾಮ್‌ಗಳಿಗೆ 288 ಪಿನ್ ಇದ್ದರೂ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಇಳಿಯದಿದ್ದರೆ ಒತ್ತಬೇಡಿ. ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್ ಕೂಡ ಇದಕ್ಕೆ ಆಗುವುದಿಲ್ಲ.

16 ಜಿಬಿಯ ಒಂದೇ ಕಡ್ಡಿಗಿಂತ 8 ಜಿಬಿಯ ಎರಡು ಕೊಳ್ಳಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಈ ರ‍್ಯಾಮಿನಿಂದಲೇ ಎರವಲು ಪಡೆಯುತ್ತದೆ. ಡಿಡಿಆರ್4-3200ರ ಒಂದು ಕಡ್ಡಿಯಲ್ಲಿ ಸೆಕೆಂಡಿಗೆ 25.6 ಜಿಬಿ ಹರಿದರೆ ಎರಡರಲ್ಲಿ 51.2. ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಇದು ಕಣ್ಣಿಗೇ ಕಾಣುತ್ತದೆ. ನಾಲ್ಕು ಸ್ಲಾಟ್‌ಗಳಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು ಬಳಸಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ ಎರಡು ಕೊಳ್ಳಲು ಕಷ್ಟವಾದೀತು. ಹಾಗಿದ್ದರೆ ಈಗ 8 ಜಿಬಿಯದು ಒಂದು ಹಾಕಿ, ಮಾದರಿ ಸಂಖ್ಯೆ ಬರೆದಿಟ್ಟುಕೊಂಡು ಮುಂದೆ ಅದನ್ನೇ ಇನ್ನೊಂದು ಸೇರಿಸಿ.

4. ಎಸ್‌ಎಸ್‌ಡಿ

ವಿಂಡೋಸ್ ಮತ್ತು ಫೈಲುಗಳು ಕೂರುವ ಡಿಸ್ಕ್ ಇದು. 500 ಜಿಬಿಯ, ವೇಗದ ಎನ್‌ವಿಎಂಇ ಬಗೆಯದು, 2280 ಅಳತೆಯದು (22 ಮಿ.ಮೀ. ಅಗಲ, 80 ಮಿ.ಮೀ. ಉದ್ದ) ಕೊಳ್ಳಿ. ಬೋರ್ಡಿನ ಅದೇ ಎಂ.2 ಕಿಂಡಿಗೆ ಕೂರುವ, ನಿಧಾನದ ಸಾಟಾ ಬಗೆಯದು ಕೂಡ ನೋಡಲು ಹಾಗೇ ಇರುತ್ತದೆ, ಕೆಲವು ಬೋರ್ಡ್‌ಗಳು ಅದನ್ನು ಗುರುತಿಸುವುದೇ ಇಲ್ಲ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಫೋಟೊಗಳಿಗಿರಲಿ.

5. ಎಸ್‌ಎಂಪಿಎಸ್, ಕ್ಯಾಬಿನೆಟ್

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ (ಬಿಡಿಭಾಗಗಳಿಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಬೇಡವೇ ಬೇಡ. ಮೇಲೆ ‘450 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಕೈಯಲ್ಲಿ ಹಿಡಿದರೆ ಹಗುರ. ಅಂಥದ್ದೊಂದು ಸುಟ್ಟುಹೋಗುವಾಗ ಬೋರ್ಡನ್ನೂ ಜೊತೆಗೆ ಕೊಂಡೊಯ್ದದ್ದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. 5600ಜಿ ಕಂಪ್ಯೂಟರ್ ಪೂರ್ತಿ ದುಡಿದರೂ 150 ವ್ಯಾಟ್ ದಾಟುವುದು ಅಪರೂಪ. ‘80 ಪ್ಲಸ್ ಬ್ರಾಂಜ್’ ಎಂಬ ದಕ್ಷತೆಯ ಗುರುತಿನ ಒಳ್ಳೆಯ 450 ವ್ಯಾಟ್ ಸಾಕು. ಮುಂದೆ ಸ್ಲಾಟಿನಿಂದಲೇ 75 ವ್ಯಾಟ್ ಪಡೆದು ನಡೆಯುವ ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ತಡೆಯುತ್ತದೆ. ಹಣ ಸಾಲದಿದ್ದರೆ ಬಣ್ಣದ ದೀಪದ ಕ್ಯಾಬಿನೆಟ್ ಬಿಡಿ, ಇದನ್ನು ಬಿಡಬೇಡಿ. ಯುಪಿಎಸ್ ಕೊಳ್ಳುವಾಗ 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್ ಎಂಬುದು ನೆನಪಿರಲಿ.

ಕ್ಯಾಬಿನೆಟ್ ಮೈಕ್ರೊ ಎಟಿಎಕ್ಸ್ ಅಳತೆಯ ಬೋರ್ಡ್ ಹಿಡಿಸುವಂಥದ್ದಿರಲಿ, ಮುಂಭಾಗದಲ್ಲಿ ಗಾಳಿಯಾಡಲಿ.

6. ಕೊಳ್ಳುವುದು

ಎಲ್ಲವನ್ನೂ ಒಂದೇ ವಾರದೊಳಗೆ ಕೊಳ್ಳಿ. ಪಕ್ಕದ ಮನೆಯ ಹುಡುಗನಿಗೆ ಆದ ದೊಡ್ಡ ನಷ್ಟ ಇದೇ. ತಪ್ಪು ಗೊತ್ತಾಗುವಷ್ಟರಲ್ಲಿ ಮೊದಲು ತಂದ ವಸ್ತುಗಳ ವಾಪಸಾತಿ ಅವಧಿ ಮುಗಿದಿತ್ತು. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ವಸ್ತುವಿನ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ.

ಮನೆಗೆ ತಂದ ದಿನವೇ, ಕ್ಯಾಬಿನೆಟ್‌ಗೆ ಸೇರಿಸುವ ಮೊದಲು, ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಪ್ರೊಸೆಸರ್, ಕೂಲರ್, ರ‍್ಯಾಮ್, ಎಸ್‌ಎಂಪಿಎಸ್, ಮಾನಿಟರ್, ಕೀಬೋರ್ಡ್ ಇಷ್ಟನ್ನೇ ಜೋಡಿಸಿ ಸ್ವಿಚ್ ಹಾಕಿ, ಬೋರ್ಡಿನ ‘ಪವರ್ ಸ್ವಿಚ್’ ಪಿನ್‌ಗಳೆರಡನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಕಾಲ ಮುಟ್ಟಿಸಿ. ಬಯಾಸ್ ಪರದೆಯಲ್ಲಿ ಪ್ರೊಸೆಸರಿನ ಹೆಸರು, ನೀವು ಹಾಕಿದಷ್ಟು ರ‍್ಯಾಮ್ ಎರಡೂ ಕಾಣಬೇಕು. ರ‍್ಯಾಮಿನ ವೇಗ 2133 ಅಥವಾ 2400 ಎಂದಿದ್ದರೆ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ‘ಎಕ್ಸ್‌ಎಂಪಿ’ ಎಂಬ ಬಯಾಸ್ ಆಯ್ಕೆ ಆನ್ ಮಾಡಿ, 3200ಕ್ಕೆ ಏರುತ್ತದೆ. ಇಷ್ಟು ಕಂಡ ಮೇಲೆ ಎಲ್ಲವನ್ನೂ ಕ್ಯಾಬಿನೆಟ್ಟಿಗೆ ಸೇರಿಸಿ ಸ್ಕ್ರೂ ಬಿಗಿಯಿರಿ.