ಹಿಡಿಸೂಡಿ ಹಿಡಿದು ಪ್ಲವರ್ ಗೂಡು ಕಾದಿದ್ದು: ನನ್ನ ಅನುಭವ

ಹೋದ ಬೇಸಿಗೆಯಲ್ಲಿ ನಮ್ಮ ಕಡಲ ದಂಡೆಯಿಂದ 16 ಪೈಪಿಂಗ್ ಪ್ಲವರ್ ಮರಿಗಳು ಹಾರಿದವು. ಮರಳಿನ ಮೇಲೇ ಗೂಡು ಮಾಡುವ ಸಣ್ಣ ಹಕ್ಕಿ ಇದು. ಜೋಡಿಗಳು ಇದ್ದದ್ದು 10. ಅಂದರೆ ಜೋಡಿಗೆ 1.6 ಮರಿ. ಅಮೆರಿಕದ ಅಟ್ಲಾಂಟಿಕ್ ಕರಾವಳಿಗೆ ಇಟ್ಟಿರುವ ಗುರಿಯೇ 1.5. ನಾಲ್ಕು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ 9 ಜೋಡಿ ಸೇರಿ ಹಾರಿಸಿದ್ದು ಬರೀ 4 ಮರಿ. ನಡುವೆ ಏನಾಯಿತು, ಖರ್ಚೆಷ್ಟು ಎಂದು ಊರಿನಲ್ಲಿ ಟಿಟ್ಟಿಭ, ರಿವರ್ ಟರ್ನ್ ಹಕ್ಕಿಗಳ ಗೂಡು ನೋಡುವ ಗೆಳೆಯರು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು. ಗೂಡು ಹುಡುಕುವುದು, ಸ್ಕೋಪ್ (ದೂರದರ್ಶಕ) ಹಿಡಿಯುವುದು ನಿಮಗೆಲ್ಲ ಗೊತ್ತೇ ಇದೆ, ಹಾಗಾಗಿ ಆ ಭಾಗ ಬಿಡುತ್ತೇನೆ.

ನಾನಿರುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಬೋಸ್ಟನ್‌ನಿಂದ ಉತ್ತರಕ್ಕೆ. ದಂಡೆಯ ಹೆಸರು ಬೇಡ, ಗೂಡು ನೋಡಲು ಜನ ಬರುವುದು ಬೇಡ. ಇವರ ಕೆಲಸದ ಮೇಲೆ ಬಂದವಳು ನಾನು. ಡಿಪೆಂಡೆಂಟ್ ವೀಸಾ, ಸಂಬಳದ ಕೆಲಸ ಮಾಡುವಂತಿರಲಿಲ್ಲ. ಮನೆಯಲ್ಲಿ ಸುಮ್ನೆ ಕೂರಲಾರದೆ ಈ ಗೂಡು ಕಾಯುವ ತಂಡಕ್ಕೆ ಸ್ವಯಂಸೇವಕಿಯಾಗಿ ಸೇರಿಕೊಂಡೆ. ಹುಟ್ಟಿದ್ದು ಕುಂದಾಪುರದ ಕಡಲ ಬದಿಯಲ್ಲಿ. ಹೊಯ್ಗೆ, ಅಂದರೆ ಮರಳು, ನನಗೆ ಹೊಸದಲ್ಲ.

ಈ ಹಕ್ಕಿಗೆ 1986ರಿಂದ ಇಲ್ಲಿ ಕೇಂದ್ರ ಸರ್ಕಾರದ ಕಾನೂನಿನ ರಕ್ಷಣೆ ಇದೆ. ಮ್ಯಾಸಚೂಸೆಟ್ಸ್‌ನಲ್ಲಿ ಈಗ ಸಾವಿರ ಜೋಡಿ ದಾಟಿವೆ. ನಮ್ಮ ಹತ್ತಿರದ ಪ್ಲಮ್ ಐಲೆಂಡ್‌ನಲ್ಲಿರುವ ಪಾರ್ಕರ್ ರಿವರ್ ಅಭಯಾರಣ್ಯದ ದಂಡೆಯನ್ನು ಏಪ್ರಿಲ್ 1ಕ್ಕೇ ಜನರಿಗೆ ಮುಚ್ಚುತ್ತಾರೆ. ನಮ್ಮದು ಹಾಗಲ್ಲ. ಜನ ಓಡಾಡುತ್ತಾರೆ, ನಾಯಿ ಬರುತ್ತದೆ, ಮಕ್ಕಳು ಚೆಂಡಾಡುತ್ತಾರೆ. ಗೂಡಿನ ಸುತ್ತ ಗೂಟ ನೆಟ್ಟು ದಾರ ಕಟ್ಟುತ್ತೇವೆ, ಅಷ್ಟೇ ಬೇಲಿ.

ಮೊದಲ ವರ್ಷ 14 ಗೂಡು ಸಿಕ್ಕಿದ್ದವು. ಮೊಟ್ಟೆ ಒಡೆದು ಮರಿಯಾದದ್ದು 5ರಲ್ಲಿ. ಉಳಿದ 9ರಲ್ಲಿ ಒಂದನ್ನು ಹುಣ್ಣಿಮೆಯ ಉಬ್ಬರ ಕೊಚ್ಚಿಕೊಂಡು ಹೋಯಿತು, ಅದು ಕಣ್ಣೆದುರೇ ಕಾಣಿಸಿತ್ತು. ಇನ್ನು 8 ಗೂಡುಗಳ ಮುಂದೆ ಫಾರಂನಲ್ಲಿ ನಾವು ಬರೆದದ್ದು ಒಂದೇ ಮಾತು: ಕಾರಣ ಗೊತ್ತಿಲ್ಲ. ನಿನ್ನೆ ನಾಲ್ಕು ಮೊಟ್ಟೆ ಇತ್ತು, ಇವತ್ತು ಖಾಲಿ ಗುಂಡಿ. ಚಿಪ್ಪಿಲ್ಲ, ರಕ್ತವಿಲ್ಲ. ಮರಿಯಾಗಿದ್ದರೆ ಗುಂಡಿಯ ತಳದ ಹೊಯ್ಗೆಯಲ್ಲಿ ಎಳ್ಳಿನಷ್ಟು ಸಣ್ಣ ಚಿಪ್ಪಿನ ಚೂರುಗಳು ಸಿಗುತ್ತವೆ. ಅದೂ ಇಲ್ಲ. ಹಾಗಾದರೆ ಯಾರೋ ತಿಂದಿದ್ದಾರೆ. ಯಾರು?

ನರಿ ಅಂತ ಎಲ್ಲರೂ ಹೇಳಿದರು. ದಿಬ್ಬದ ಹಿಂದೆ ಕೆಂಪು ನರಿಯ ಬಿಲವಿತ್ತು, ಅದನ್ನು ಎಲ್ಲರೂ ನೋಡಿದ್ದರು. ಹಾಗಾಗಿ ಎರಡನೇ ವರ್ಷ ತಂಡದ ಹಣವೆಲ್ಲ ತಂತಿ ಪಂಜರಕ್ಕೆ ಹೋಯಿತು. ಗೂಡಿನ ಸುತ್ತ ದುಂಡಗೆ ಜಾಲರಿ, ಮೇಲೆ ಬಲೆ. ಪ್ಲವರ್ ಜಾಲರಿಯ ಕಿಂಡಿಯಲ್ಲಿ ನುಸುಳುತ್ತದೆ, ನರಿ ನುಸುಳಲಾರದು. ಒಂದು ಪಂಜರಕ್ಕೆ ಸುಮಾರು 120 ಡಾಲರ್ ಬಿತ್ತು ಅಂತ ನೆನಪು. ಏಳು ಹಾಕಿದೆವು. ಪರವಾನಗಿ ಇರುವ ಸಿಬ್ಬಂದಿಯೇ ಹಾಕಬೇಕು, ನಾವು ದೂರದಲ್ಲಿ ನಿಂತು ಸಾಮಾನು ಕೊಡುವುದು.

ಮೇ ತಿಂಗಳ ಒಂದು ಬೆಳಗ್ಗೆ ಮೂರನೇ ಪಂಜರದ ಹತ್ತಿರ ಹೋದೆ. ಮೊಟ್ಟೆ ನಾಲ್ಕೂ ಹಾಗೇ ಇದ್ದವು, ತಣ್ಣಗೆ. ಪಂಜರದ ಹೊರಗೆ ಎರಡು ಹೆಜ್ಜೆ ದೂರದಲ್ಲಿ ತಾಯಿಯದೋ ತಂದೆಯದೋ ಗರಿಗಳು ಬಿದ್ದಿದ್ದವು. ಒಳಗಿಂದ ಹೊರಬರುವಾಗಲೇ ಹಿಡಿದಿದ್ದಾರೆ. ಉಳಿದ ಹಕ್ಕಿ ಎರಡು ದಿನ ಬಂದು ಕೂತಿತು, ಮೂರನೇ ದಿನ ಬಿಟ್ಟು ಹೋಯಿತು. ಮೊಟ್ಟೆ ಹೋದರೆ ಅದೇ ಜೋಡಿ ಮತ್ತೆ ಇಡುತ್ತದೆ. ದೊಡ್ಡ ಹಕ್ಕಿಯೇ ಹೋದರೆ ಏನು ಮಾಡುವುದು? ಆ ರಾತ್ರಿ ನನಗೆ ಊಟ ಸೇರಲಿಲ್ಲ. ಯಾರು ತಿನ್ನುತ್ತಿದ್ದಾರೆ ಎಂದು ತಿಳಿಯದೆ ಪಂಜರ ಹಾಕುವುದು ತಪ್ಪು ಅಂತ ಅವತ್ತೇ ಅನಿಸಿದ್ದು.

ಅಜ್ಜ ನೆನಪಾದರು. ಬೆಳಗ್ಗೆ ದೋಣಿ ಹತ್ತಿರ ಹೋಗುವಾಗ ಹೊಯ್ಗೆ ನೋಡಿಕೊಂಡೇ ನಡೆಯುತ್ತಿದ್ದರು. ಇದು ನಾಯಿ, ಇದು ನರಿ, ಇದು ಏಡಿ, ಇದು ರಾತ್ರಿ ಆಮೆ ಹತ್ತಿದ ಗುರುತು ಎಂದು ಹೇಳುತ್ತಿದ್ದರು. ಅಮ್ಮ ಸಂಜೆ ಅಂಗಳ ಗುಡಿಸಿದ ಮೇಲೆ ಕೋಳಿ ನಡೆದರೂ ಬೆಳಗ್ಗೆ ಗೊತ್ತಾಗುತ್ತಿತ್ತು. ಹಿಡಿಸೂಡಿಯ ಸಣ್ಣ ಗೆರೆಗಳ ಮೇಲೆ ಹೆಜ್ಜೆ ಬಿದ್ದರೆ ಗೆರೆ ತುಂಡಾಗುತ್ತದೆ, ಅಲ್ವಾ? ಇಲ್ಲೂ ಅದನ್ನೇ ಮಾಡಿದರೆ?

ತಂಡದ ಮುಖ್ಯಸ್ಥರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಇಪ್ಪತ್ತು ವರ್ಷದ ಅನುಭವ. "ಇಲ್ಲಿನ ಗಾಳಿಗೆ ಒಂದು ಗಂಟೆಯೂ ಉಳಿಯುವುದಿಲ್ಲ" ಎಂದರು. ಇನ್ನೊಬ್ಬರು ಪ್ರಾಣಿ ಬಂದರೆ ತಾನೇ ಫೋಟೋ ತೆಗೆಯುವ ಟ್ರೇಲ್ ಕ್ಯಾಮೆರಾ ಇರುವಾಗ ಪೊರಕೆ ಯಾಕೆ ಎಂದು ಕೇಳಿದರು. ಕೊನೆಗೆ ದಾರದ ಬೇಲಿಯ ಹೊರಗೆ ಮಾತ್ರ ಗುಡಿಸಲು ಒಪ್ಪಿಗೆ ಸಿಕ್ಕಿತು.

ಗಾಳಿಯ ವಿಷಯದಲ್ಲಿ ಅವರ ಮಾತು ಮೊದಲ ಮೂರು ವಾರ ನಿಜವೇ ಆಯಿತು. ಮಧ್ಯಾಹ್ನ ಗುಡಿಸಿದೆ, ಸಂಜೆಗೆ ಏನೂ ಇಲ್ಲ. ಕಬ್ಬಿಣದ ರೇಕ್ ತಂದೆ, ಗೆರೆ ದಪ್ಪವಾಗಿ ಕಾಗೆಯ ಹೆಜ್ಜೆ ಅದರಲ್ಲೇ ಮುಚ್ಚಿಹೋಯಿತು. ಪ್ಲಾಸ್ಟಿಕ್ ಪೊರಕೆ ಹೊಯ್ಗೆಯನ್ನು ನುಣ್ಣಗೆ ಮಾಡುತ್ತದೆ, ಗೆರೆಯೇ ಬರುವುದಿಲ್ಲ. ಕೊನೆಗೆ ಇಂಡಿಯನ್ ಅಂಗಡಿಯಲ್ಲಿ ತೆಂಗಿನ ಕಡ್ಡಿಯ ಹಿಡಿಸೂಡಿ ಸಿಕ್ಕಿತು, 6 ಡಾಲರೋ 7 ಡಾಲರೋ. ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಧನ ಅದೇ.

ಸಮಯವೂ ಮುಖ್ಯ. ಕತ್ತಲಾಗುವ ಮುಂಚೆ, ಜನ ಖಾಲಿಯಾದ ಮೇಲೆ, ಹೊಯ್ಗೆಗೆ ತೇವ ಇಳಿಯುವ ಹೊತ್ತಿಗೆ ಗುಡಿಸಬೇಕು. ಎರಡು ಅಡಿ ಅಗಲದ ಪಟ್ಟಿ ಸಾಕು. ಬೆಳಗ್ಗೆ ಸೂರ್ಯ ಹುಟ್ಟುವಾಗಲೇ ಓದಬೇಕು. ಓರೆ ಬಿಸಿಲಿಗೆ ಎದುರಾಗಿ ನಿಂತರೆ ಒಂದೊಂದು ಗೆರೆಯೂ ಕಾಣುತ್ತದೆ. ಎಂಟು ಗಂಟೆಗೆ ಹೋದರೆ ಏನೂ ಕಾಣದು. ಬೇಸಿಗೆಯಲ್ಲಿ ಇಲ್ಲಿ ಐದು ಗಂಟೆಗೇ ಬೆಳಗಾಗುತ್ತದೆ. ನಾಲ್ಕೂಕಾಲಿಗೆ ಏಳುತ್ತಿದ್ದೆ. ಆ ಎರಡು ತಿಂಗಳು ಅಡುಗೆಯೆಲ್ಲ ಇವರದೇ.

ಓದುವುದು ಕಷ್ಟವಲ್ಲ. ನರಿಯ ಹೆಜ್ಜೆ ದಾರ ಎಳೆದಂತೆ ನೇರ ಹೋಗುತ್ತದೆ. ನಾಯಿಯದು ಅತ್ತಿತ್ತ ಚೆಲ್ಲುತ್ತದೆ. ಸ್ಕಂಕ್ ಎಂಬ ಪ್ರಾಣಿಗೆ ಐದು ಬೆರಳು, ಉದ್ದ ಉಗುರು. ಗಲ್ ಹಕ್ಕಿಗೆ ಬೆರಳ ನಡುವೆ ಪೊರೆ. ಕಾಗೆಗೆ ಹಿಂದಿನ ಬೆರಳು ಉದ್ದ, ಅದನ್ನು ಎಳೆದುಕೊಂಡೇ ನಡೆಯುತ್ತದೆ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಗೂಡು ಹತ್ತಿರದಿಂದ ನೋಡಲೇಬೇಕಾದ ದಿನ ಸಿಬ್ಬಂದಿಯ ಜೊತೆ ನಾನೂ ಒಳಗೆ ಹೋಗುತ್ತಿದ್ದೆ. ಬರುವಾಗ ಹಿಂದೆ ಹಿಂದೆ ನಡೆಯುತ್ತಾ ನಮ್ಮದೇ ಹೆಜ್ಜೆಗಳನ್ನು ಗುಡಿಸಿಕೊಂಡು ಬಂದೆ. ಒಳಗೆ ಗುರುತು ಉಳಿಯದಿರಲಿ ಎಂದು ಮಾಡಿದ್ದು, ಬೇರೆ ಯೋಚನೆ ಇರಲಿಲ್ಲ. ನಾನು ಇಲ್ಲದ ದಿನ ಉಳಿದವರು ಗುಡಿಸದೆ ಬರುತ್ತಿದ್ದರು. ಜೂನ್ ಮೊದಲ ವಾರ ಖಾಲಿಯಾದ ಒಂದು ಗೂಡಿನ ಹತ್ತಿರ ಗಾಳಿ ಇಲ್ಲದ ಬೆಳಗ್ಗೆ ನಿಂತು ನೋಡಿದೆ. ಹಿಂದಿನ ದಿನದ ಬೂಟಿನ ಹೆಜ್ಜೆಗಳು ಗೂಡಿನವರೆಗೆ ಹೋಗಿದ್ದವು. ಆ ಬೂಟಿನ ಹೆಜ್ಜೆಗಳ ಒಳಗೇ, ಒಂದಾದ ಮೇಲೊಂದು, ಕಾಗೆಯ ಕಾಲು. ಕಾಗೆ ನಮ್ಮ ಹಾದಿ ಹಿಡಿದು ನಡೆದು ಬಂದಿತ್ತು. ದಾರಿ ತೋರಿಸಿದ್ದು ನಾವೇ.

ಆ ವರ್ಷದ ಲೆಕ್ಕ ತೆಗೆದೆ. ಗುಡಿಸಿಕೊಂಡು ಬಂದ 6 ಗೂಡುಗಳಲ್ಲಿ ಹೋದದ್ದು 1. ಗುಡಿಸದ 7ರಲ್ಲಿ ಹೋದದ್ದು 5. ಮುಖ್ಯಸ್ಥರು ಕಾಕತಾಳೀಯ ಇರಬಹುದು, ಸಂಖ್ಯೆ ಸಣ್ಣದು ಎಂದರು. ಸಣ್ಣದೇ, ಒಪ್ಪುತ್ತೇನೆ. ಆದರೆ ಬೂಟಿನೊಳಗಿನ ಕಾಗೆ ಹೆಜ್ಜೆಯ ಫೋಟೋ ನನ್ನ ಹತ್ತಿರ ಇತ್ತು. ಮೂರನೇ ವರ್ಷ ಎಲ್ಲ ಗೂಡಿಗೂ ಗುಡಿಸುವ ನಿಯಮ ಬಂತು. ಗೂಡಿನ ಹತ್ತಿರ ನಿಲ್ಲಬಾರದು, ಹೋದ ದಾರಿಯಲ್ಲೇ ವಾಪಸ್ಸು ಬರಬಾರದು, ಗೂಡು ದಾಟಿ ಮುಂದೆ ನಡೆದು ಸುತ್ತಿಕೊಂಡು ಬರಬೇಕು ಎಂಬುದೂ ಸೇರಿತು. ಕಾಗೆ ಕಣ್ಣಿಗೆ ಬಿದ್ದರೆ ಅವತ್ತು ಒಳಗೆ ಹೋಗುವುದೇ ಇಲ್ಲ.

ನರಿ ಏನೂ ಮಾಡುವುದಿಲ್ಲ ಅಂತಲ್ಲ. ಹಿಡಿಸೂಡಿ ಕಾಗೆಗೆ ಮಾತ್ರ, ವಾಸನೆ ಹಿಡಿದು ಬರುವ ನರಿಗೆ ಅಲ್ಲ. ಆದರೆ ಪಟ್ಟಿಯ ಮೇಲೆ ನರಿಯ ನೇರ ಗೆರೆ ಎರಡು ರಾತ್ರಿ ಸತತ ಬಿದ್ದರೆ ಆ ಗೂಡಿಗೆ ಮಾತ್ರ ಪಂಜರ ಹಾಕಿಸುತ್ತೇವೆ. ಹೋದ ವರ್ಷ 12 ಗೂಡಿಗೆ ಮೂರೇ ಪಂಜರ. ಉಳಿದ ಹಣ ಬೇಲಿಯ ದಾರಕ್ಕೂ ಫಲಕಕ್ಕೂ ಹೋಯಿತು.

ಇನ್ನೊಂದು ಉಪಾಯ ಇದೆ. ಗೂಡಿನ ಪಕ್ಕ ಕೋಲು ನೆಡದೆ, ಕಲ್ಲಿಡದೆ, ದೂರದಿಂದ ಅದೇ ಜಾಗವನ್ನು ತಿರುಗಿ ಕಂಡುಹಿಡಿಯುವುದು. ಕೋಲು ನೆಟ್ಟರೆ ವಾರದೊಳಗೆ ಕಾಗೆ ಕಲಿಯುತ್ತದೆ. ನಾನು ಹೇಗೆ ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ತಿಳಿದರೆ ಮೊಟ್ಟೆ ಕದಿಯುವವರಿಗೂ ಅನುಕೂಲ. ನನ್ನ ಜೊತೆ ಎರಡು ಬೆಳಗ್ಗೆ ನಡೆದವರಿಗೆ ತೋರಿಸುತ್ತೇನೆ. ಕೊನೆಯ ಹತ್ತು ಹೆಜ್ಜೆ ಹಿಡಿಸೂಡಿ ಹಿಡಿಯುವ ರೀತಿಯೂ ಹಾಗೇ, ನೋಡಿಯೇ ಕಲಿಯಬೇಕು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಏಷ್ಯನ್ ಅಂಗಡಿಯಿಂದ ಕ್ವೇಲ್ ಮೊಟ್ಟೆ ತಂದು, ಪ್ಲವರ್ ಇಲ್ಲದ ತುದಿಯಲ್ಲಿ, ಒಪ್ಪಿಗೆ ಪಡೆದು, ಸುಳ್ಳು ಗೂಡು ಇಟ್ಟೆವು. ಕೆಲವಕ್ಕೆ ಹೆಜ್ಜೆ ಬಿಟ್ಟೆವು, ಕೆಲವನ್ನು ಗುಡಿಸಿದೆವು. ಎರಡನೇ ದಿನವೇ ನಿಲ್ಲಿಸಿದೆವು. ಹೆಜ್ಜೆ ಬಿಟ್ಟ ಗೂಡುಗಳು ಮೊದಲು ಹೋದವು ನಿಜ. ಆದರೆ ಹೊಯ್ಗೆಯ ಗುಂಡಿಯಲ್ಲಿ ಊಟ ಇರುತ್ತದೆ ಎಂದು ನಾವೇ ಕಾಗೆಗಳಿಗೆ ಕಲಿಸುತ್ತಿದ್ದೆವು. ನೀವ್ಯಾರೂ ಇದನ್ನು ಮಾಡಬೇಡಿ. ನಾಲ್ಕು ಡಜನ್ ಮೊಟ್ಟೆಯ ದುಡ್ಡಿಗಿಂತ ಆ ಪಾಠದ ನಷ್ಟ ದೊಡ್ಡದು.

ಹಳೆಯ ಫೋನನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪವರ್ ಬ್ಯಾಂಕ್ ಸಿಕ್ಕಿಸಿ ನಿಮಿಷಕ್ಕೊಂದು ಫೋಟೋ ತೆಗೆಯುವ ಕ್ಯಾಮೆರಾ ಮಾಡಿದೆ. ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಬಿಸಿಲಿಗೆ ಫೋನ್ ಉಬ್ಬಿತು. ಒಳಗೆ ಬೆಳ್ತಿಗೆ ಅಕ್ಕಿಯ ಪೊಟ್ಟಣ ಇಟ್ಟು ತೇವ ತಡೆದೆ, ಬಿಸಿಲು ತಡೆಯಲಾಗಲಿಲ್ಲ. ಆದರೂ ಆ ಎರಡು ದಿನದ ಫೋಟೋಗಳಿಂದ ಗಂಡು ಹೆಣ್ಣು ಕಾವು ಬದಲಿಸುವ ಹೊತ್ತು ಗೊತ್ತಾಯಿತು. ಈಗ ನಾವು ಆ ಹೊತ್ತಿನಲ್ಲಿ ಆ ಕಡೆ ಹೋಗುವುದಿಲ್ಲ.

ಲೆಕ್ಕದ ಬಗ್ಗೆ ಒಂದು ಮಾತು. 14ರಲ್ಲಿ 5 ಗೂಡು ಗೆದ್ದವು, 36 ಪ್ರತಿಶತ ಎಂದು ಬರೆದು ಬಿಡುತ್ತಾರೆ. ಅದು ತಪ್ಪು. ನಾವು ಕಾಣುವ ಮೊದಲೇ ಹೋದ ಗೂಡುಗಳು ಲೆಕ್ಕಕ್ಕೇ ಬರುವುದಿಲ್ಲ. 1961ರಲ್ಲಿ ಅಮೆರಿಕದ ಪಕ್ಷಿ ಅಧ್ಯಯನಕಾರ ಹೆರಾಲ್ಡ್ ಮೇಫೀಲ್ಡ್ ಹೇಳಿದ ಹಾಗೆ ದಿನ ಎಣಿಸಬೇಕು. ಮೊದಲ ವರ್ಷ ಒಂದೊಂದು ಗೂಡೂ ನಮ್ಮ ಕಣ್ಣಳತೆಯಲ್ಲಿದ್ದ ದಿನಗಳನ್ನೆಲ್ಲ ಕೂಡಿದರೆ ಸುಮಾರು 210, ಹೋದದ್ದು 9. ದಿನಕ್ಕೆ 4.3 ಪ್ರತಿಶತ ನಷ್ಟ. ಮೊದಲ ಮೊಟ್ಟೆಯಿಂದ ಮರಿಯಾಗುವವರೆಗೆ 34 ದಿನ ಹಿಡಿದರೆ ಉಳಿಯುವುದು 22 ಪ್ರತಿಶತ ಮಾತ್ರ. ಹೋದ ವರ್ಷ 12 ಗೂಡು, ಸುಮಾರು 280 ದಿನ, ಹೋದದ್ದು 3. ಅದೇ ಲೆಕ್ಕದಲ್ಲಿ 69 ಅಥವಾ 70. ಟಿಟ್ಟಿಭ ನೋಡುವವರು ದಯವಿಟ್ಟು ಗೂಡು ಸಿಕ್ಕ ದಿನಾಂಕ ಬರೆದಿಡಿ. ಅದಿಲ್ಲದೆ ಉಳಿದ ಎಲ್ಲ ನೋಟ್ಸ್ ವ್ಯರ್ಥ.

ಮರಿಯಾದ ಮೇಲೆ ಗುಡಿಸುವುದು ಪೂರ್ತಿ ಬಂದ್. ಮರಿ ಹುಟ್ಟಿದ ಕೆಲವೇ ಗಂಟೆಯಲ್ಲಿ ಗೂಡು ಬಿಟ್ಟು ಓಡುತ್ತದೆ, ಅಪಾಯ ಕಂಡರೆ ಮನುಷ್ಯನ ಹೆಜ್ಜೆಯ ಗುಳಿಯಲ್ಲೇ ಅಡಗಿ ಕೂರುತ್ತದೆ. ಹೊಯ್ಗೆಯ ಬಣ್ಣವೇ, ಕಾಣುವುದಿಲ್ಲ. ಒಂದು ಸಲ ನನ್ನ ಕಾಲಿನಿಂದ ಒಂದು ಅಡಿ ದೂರದಲ್ಲಿತ್ತು. ಅಂದಿನಿಂದ ಕಾಲಿಡುವ ಮೊದಲು ಪೂರ್ತಿ ಹತ್ತು ನಿಮಿಷ ನಿಂತು ನೋಡುತ್ತೇನೆ. ಹಾರಲು ನಾಲ್ಕು ವಾರ ಬೇಕು, ಅದರ ನಡುವೆ ಜುಲೈ 4ರ, ಇಲ್ಲಿನ ಸ್ವಾತಂತ್ರ್ಯ ದಿನದ, ಪಟಾಕಿ. ಆ ರಾತ್ರಿ ನಾವು ಏಳು ಜನ ದಾರದ ಉದ್ದಕ್ಕೂ ಟಾರ್ಚ್ ಹಿಡಿದು ಕೂರುತ್ತೇವೆ. ಅತ್ತೆ ಊರಿಂದ ಬಂದಿದ್ದ ವರ್ಷ ಅವರೂ ಶಾಲು ಹೊದ್ದು ಕೂತರು. ಮಧ್ಯರಾತ್ರಿವರೆಗೂ ಏಳಲಿಲ್ಲ. "ಇಷ್ಟು ಸಣ್ಣ ಜೀವ, ಕಾಯದಿದ್ರೆ ಹೇಗೆ ಮಾರಾಯ್ತಿ" ಎಂದರು.

ಖರ್ಚು ಕೇಳಿದ್ದಿರಿ. ಸೆಕೆಂಡ್ ಹ್ಯಾಂಡ್ ಸ್ಕೋಪ್ 350 ಡಾಲರ್, ಟ್ರೈಪಾಡ್ 60. ಪೆಟ್ರೋಲ್ ವರ್ಷಕ್ಕೆ 400ರ ಹತ್ತಿರ. ಹಾಳಾದ ಫೋನು. ಹಿಡಿಸೂಡಿ ಸೀಸನ್ನಿಗೆ ಮೂರು, ಉಪ್ಪು ನೀರಿಗೆ ಕಟ್ಟು ಬೇಗ ಸಡಿಲವಾಗುತ್ತದೆ. ಈಗ ನನಗೆ ಕೆಲಸದ ಪರವಾನಗಿ ಬಂದಿದೆ, ಹೋದ ವರ್ಷದಿಂದ ಸೀಸನ್ ಸಂಬಳವೂ ಸಿಗುತ್ತದೆ. ಪಕ್ಕದ ಎರಡು ದಂಡೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಗಾಳಿಗೆ ಉಳಿಯುವುದಿಲ್ಲ ಎಂದಿದ್ದ ಮುಖ್ಯಸ್ಥರೇ ಅವರಿಗೆ ಗುಡಿಸಿ ತೋರಿಸಿದರು.

ಮಾರ್ಚ್ ಕೊನೆಗೆ ಮೊದಲ ಜೋಡಿ ಬರುತ್ತದೆ. ಅಂಗಡಿಯವರಿಗೆ ಒಂಬತ್ತು ಹಿಡಿಸೂಡಿ ಎತ್ತಿಡಲು ಹೇಳಿದ್ದೇನೆ, ನಮ್ಮ ದಂಡೆಗೆ ಮೂರು, ಪಕ್ಕದ ಎರಡು ದಂಡೆಗಳಿಗೆ ಆರು.