ತುಂಬು ಬಸುರಿಯ ರಾತ್ರಿ: ಮನೆಯ ದೀಪ ಹೀಗೆ ಇಳಿಸಿ

ರಾತ್ರಿ ಎರಡು ಗಂಟೆ. ಎಂಟನೇ ತಿಂಗಳು ನಡೆಯುತ್ತಿದೆ. ಮೂತ್ರಕ್ಕೆಂದು ಎದ್ದು ಬಾತ್‌ರೂಮಿನ ಸ್ವಿಚ್ ಒತ್ತುತ್ತೀರಿ. ಬಿಳಿ ಟೈಲ್ಸು, ದೊಡ್ಡ ಕನ್ನಡಿ, ಅದರ ನೆತ್ತಿಗೊಂದು ಎಲ್‌ಇಡಿ ಪಟ್ಟಿ, ಎಲ್ಲವೂ ಸೇರಿ ಕಣ್ಣಿಗೆ ರಪ್ಪನೆ ಹೊಡೆಯುತ್ತವೆ. ಎರಡೇ ನಿಮಿಷದ ಕೆಲಸ. ವಾಪಸ್ ಬಂದು ಮಗ್ಗುಲಾದರೆ ಕಣ್ಣು ಪಿಳಿಪಿಳಿ. ಹೊಟ್ಟೆಯೊಳಗಿನದ್ದೂ ಆಟ ಶುರು ಮಾಡಿಕೊಂಡಿದೆ. ನಾಲ್ಕು ಗಂಟೆ ಹೊಡೆದರೂ ನಿದ್ದೆ ಇಲ್ಲ.

ನಾನು ಬಸುರಿಯಾಗಿದ್ದಾಗ ಇದು ಹೆಚ್ಚೂಕಡಿಮೆ ದಿನಾ ನಡೆಯಿತು. ಹೊಟ್ಟೆಯ ಭಾರವನ್ನು ಬೈದೆ, ದಿಂಬನ್ನು ಬೈದೆ, ಪಕ್ಕದಲ್ಲಿ ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದ ಗಂಡನನ್ನೂ ಮನಸ್ಸಿನಲ್ಲೇ ಬೈದೆ. ದೀಪದ ಕಡೆ ತಲೆ ಓಡಲೇ ಇಲ್ಲ. 28 ವಾರ ದಾಟಿದ ಮೇಲೆ ನಿದ್ದೆ ಕೆಡಿಸುವುದಕ್ಕೆ ನೂರೆಂಟು ಕಾರಣ ಇರುತ್ತವೆ. ಎದೆಯುರಿ, ಮೀನಖಂಡದ ಸೆಳೆತ, ಪದೇ ಪದೇ ಮೂತ್ರ. ದೀಪ ಬದಲಿಸಿದರೆ ಇವು ಯಾವುವೂ ಹೋಗುವುದಿಲ್ಲ. ಆದರೆ ಎಚ್ಚರವಾದ ಮೇಲೆ ಮತ್ತೆ ಜೊಂಪು ಹತ್ತುತ್ತದೋ ಇಲ್ಲವೋ ಎನ್ನುವುದರಲ್ಲಿ ಬೆಳಕಿನ ಪಾತ್ರ ದೊಡ್ಡದು, ಮತ್ತು ಇದೊಂದು ಮಾತ್ರ ನಮ್ಮ ಕೈಯಲ್ಲೇ, ಸ್ವಿಚ್ಚಿನಲ್ಲೇ ಇದೆ.

ಒಳಗೆ ಏನಾಗುತ್ತದೆ ಅಂದರೆ, ನಮ್ಮ ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೆಲಸಕ್ಕಿಂತ ಹೊತ್ತು ತಿಳಿಯುವ ಕೆಲಸವನ್ನೇ ಹೆಚ್ಚು ಮಾಡುವ ಕೆಲವು ಜೀವಕೋಶಗಳಿವೆ. ನೀಲಿ ಅಂಶ ಜಾಸ್ತಿ ಇರುವ ಬೆಳಕು ಬಿದ್ದರೆ ಅವು ಮಿದುಳಿಗೆ 'ಇನ್ನೂ ಹಗಲು' ಅಂತ ಸುದ್ದಿ ಕಳಿಸುತ್ತವೆ. ಆಗ ಮೆಲಟೋನಿನ್ ಎಂಬ ಹಾರ್ಮೋನು ಏರುವುದು ನಿಧಾನವಾಗುತ್ತದೆ. ರಾತ್ರಿಯಾಯಿತು ಎಂದು ಮೈಗೆ ತಿಳಿಸುವುದೇ ಅದು. ತುಂಬು ಬಸುರಿಯಲ್ಲಿ ಇದರ ಕೆಲಸ ಇನ್ನೂ ಒಂದು ಕೈ ಹೆಚ್ಚು. ದಿನ ತುಂಬುತ್ತಾ ಬಂದಂತೆ ರಾತ್ರಿಯ ಮೆಲಟೋನಿನ್ ಮಟ್ಟ ಏರುತ್ತಾ ಹೋಗುತ್ತದೆ, ಮಾಸನ್ನು ದಾಟಿ ಮಗುವನ್ನೂ ಮುಟ್ಟುತ್ತದೆ. ಮಗುವಿಗೆ ತನ್ನದೇ ಮೆಲಟೋನಿನ್ ಲಯ ಬರುವುದು ಹುಟ್ಟಿ ಸುಮಾರು ಮೂರು ತಿಂಗಳಾದ ಮೇಲೆ. ಹಾಗಾಗಿ ಒಳಗಿರುವ ಕೂಸಿಗೆ ಹಗಲು ರಾತ್ರಿಯ ಸುದ್ದಿ ಮುಟ್ಟಿಸುವವಳು ಅಮ್ಮನೇ.

ಈಗ ಕೆಲಸಕ್ಕೆ ಬರೋಣ.

ಮೊದಲು, ಮಲಗುವ ಹೊತ್ತು ಗೊತ್ತುಮಾಡಿ, ಅಲ್ಲಿಂದ ಮೂರು ಗಂಟೆ ಹಿಂದಕ್ಕೆ ಎಣಿಸಿ

ಹತ್ತಕ್ಕೆ ಮಲಗುವವರಿಗೆ ಏಳು ಗಂಟೆ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೆ. ಹತ್ತರವರೆಗೆ ಮನೆಯೆಲ್ಲ ಝಗಮಗ ಅಂತ ಉರಿಸಿ ಆಮೇಲೆ ಒಮ್ಮೆಲೇ ಕತ್ತಲು ಮಾಡಿದರೆ ಮೈ ಅಷ್ಟು ಬೇಗ ಒಪ್ಪುವುದಿಲ್ಲ. 2022ರಲ್ಲಿ ಬೆಳಕು ಮತ್ತು ನಿದ್ದೆಯ ವಿಜ್ಞಾನಿಗಳು ಕೂಡಿ ಆರೋಗ್ಯವಂತ ದೊಡ್ಡವರಿಗೆ ಒಂದು ಲೆಕ್ಕ ಕೊಟ್ಟರು. ಮಲಗುವ ಮುಂಚಿನ ಮೂರು ಗಂಟೆ ಕಣ್ಣಿಗೆ ಬೀಳುವ ಬೆಳಕು 10 ಲಕ್ಸ್ (ಲಕ್ಸ್ ಅಂದರೆ ಬೀಳುವ ಬೆಳಕಿನ ಅಳತೆ) ದಾಟಬಾರದು, ಮಲಗಿದ ಮೇಲೆ 1 ಲಕ್ಸ್ ಮೀರಬಾರದು. ಉರಿಯುವ ಮೇಣದಬತ್ತಿಯನ್ನು ಒಂದಡಿ ದೂರದಲ್ಲಿಟ್ಟರೆ ಸಿಗುವ ಬೆಳಕು ಹತ್ತಿರಹತ್ತಿರ 10 ಲಕ್ಸ್, ಅದನ್ನೇ ಒಂದು ಮೀಟರ್ ದೂರ ಇಟ್ಟರೆ 1 ಲಕ್ಸ್. ಮನೆಯ ಹಾಲ್‌ನಲ್ಲಿ ಸಾಮಾನ್ಯವಾಗಿ 50ರಿಂದ 150 ಇರುತ್ತದೆ. ಹೆದರಬೇಡಿ, ಆ ಲೆಕ್ಕದಲ್ಲಿ ನೀಲಿ ಅಂಶಕ್ಕೇ ತೂಕ ಜಾಸ್ತಿ. ಹಳದಿ ಬಲ್ಬು ಅದರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಮಾತ್ರ ಲೆಕ್ಕಕ್ಕೆ ಬರುತ್ತದೆ.

2023ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 741 ಗರ್ಭಿಣಿಯರ ಮಾಹಿತಿ ನೋಡಿದಾಗ, ಮಲಗುವ ಮುಂಚಿನ ಇದೇ ಮೂರು ಗಂಟೆಯಲ್ಲಿ ಹೆಚ್ಚು ಬೆಳಕಿನಲ್ಲಿದ್ದವರಲ್ಲಿ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಹೆಚ್ಚು ಕಂಡಿತು. ಅದು ನಡುವಿನ ತಿಂಗಳುಗಳ ಅಧ್ಯಯನ, ಬೆಳಕೇ ಕಾರಣ ಅಂತ ಅದರಿಂದ ಹೇಳಲಾಗದು. ಆದರೂ ದೀಪ ಇಳಿಸುವುದರಿಂದ ನಷ್ಟವೇನಿಲ್ಲ, ಅಲ್ವಾ?

ದೀಪವನ್ನು ಚಾವಣಿಯಿಂದ ಕೆಳಗಿಳಿಸಿ

ಆ ಹೊತ್ತಿಗೆ ಚಾವಣಿಯ ಟ್ಯೂಬ್‌ಲೈಟು, ಸೀಲಿಂಗ್ ಲೈಟು ಎಲ್ಲ ಆರಿಸಿ. ಮೂಲೆಯಲ್ಲೊಂದು ಟೇಬಲ್ ಲ್ಯಾಂಪ್ ಸಾಕು, ಅದೂ ನಿಮ್ಮ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಬೆನ್ನ ಹಿಂದೆ ಇಲ್ಲವೇ ಗೋಡೆಗೆ ಮುಖ ಮಾಡಿ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತದೆ, ನೋಡಿ ತನ್ನಿ. 6500 ಅಂದರೆ ಹಗಲಿನ ನೀಲಿ-ಬಿಳಿ, 2700 ಅಂದರೆ ಬೆಚ್ಚನೆಯ ಹಳದಿ. ನಮಗೆ ಬೇಕಿರುವುದು ಎರಡನೆಯದು. ದೂರವೂ ಲೆಕ್ಕಕ್ಕೆ ಬರುತ್ತದೆ: ಬರಿಯ ಬಲ್ಬಿನಿಂದ ಎರಡರಷ್ಟು ದೂರ ಕೂತರೆ ಅದರಿಂದ ನೇರವಾಗಿ ಬೀಳುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಹೊಸ ಬಲ್ಬು ತರುವ ಮೊದಲು ಕುರ್ಚಿ ಸರಿಸಿ ನೋಡಬಹುದು.

ಅಡುಗೆಮನೆಯಲ್ಲಿ ಮಾತ್ರ ಹಟ ಬೇಡ. ಚಾಕು ಹಿಡಿದವರಿಗೆ ಬೆಳಕು ಬೇಕು. ಆಗುವುದಾದರೆ ಆ ಕೆಲಸ ಮಲಗುವ ಮುಂಚಿನ ಮೂರು ಗಂಟೆ ಶುರುವಾಗುವ ಮೊದಲೇ ಮುಗಿಯಲಿ, ಇಲ್ಲವಾದರೆ ಮನೆಯಲ್ಲಿ ಇನ್ನೊಬ್ಬರು ಇದ್ದಾರಲ್ಲ, ಅವರು ಮಾಡಲಿ.

ಫೋನಿನ ವಿಷಯ

ಎಲ್ಲರೂ ಫೋನನ್ನೇ ದೂರುತ್ತಾರೆ. ನನ್ನ ಮಟ್ಟಿಗೆ ಚಾವಣಿಯ ದೀಪದ ಮುಂದೆ ಫೋನಿನ ಪರದೆ ಸಣ್ಣ ಕಳ್ಳ. ನೈಟ್ ಮೋಡ್ ಹಾಕಿ ಪರದೆ ಹಳದಿಯಾಯಿತು ಅಂದುಕೊಂಡು ಸುಮ್ನೆ ಕೂರಬೇಡಿ, ಬ್ರೈಟ್‌ನೆಸ್ ಇಳಿಸದಿದ್ದರೆ ಉಪಯೋಗ ಕಡಿಮೆ. ಪರದೆಯನ್ನು ಮುಖಕ್ಕೆ ಅಂಟಿಸಿಕೊಳ್ಳಬೇಡಿ. ಇನ್ನು ಹೆರಿಗೆ ನೋವಿನ ವಿಡಿಯೋಗಳನ್ನು ರಾತ್ರಿ ಹನ್ನೊಂದಕ್ಕೆ ನೋಡುವುದು ಬೆಳಕಿಗಿಂತ ಕೆಟ್ಟದ್ದು, ಅನುಭವದ ಮಾತು ಇದು.

ಎಚ್ಚರವಾದಾಗ ಏನು ಮಾಡಬೇಕು

ಅಸಲಿ ಪರೀಕ್ಷೆ ಇಲ್ಲಿದೆ. ಪೂರ್ತಿ ಕತ್ತಲಲ್ಲಿ ತಡಕಾಡಿಕೊಂಡು ಹೋಗಲೇಬೇಡಿ. ಹೊಟ್ಟೆ ಮುಂದೆ ಬಂದಿದೆ, ಮೈಯ ತೂಕದ ಸಮತೋಲ ಬದಲಾಗಿದೆ, ಕಾಲ ಬೆರಳೇ ಕಾಣದು. ಬಿದ್ದರೆ ನಿದ್ದೆಗೆಟ್ಟದ್ದಕ್ಕಿಂತ ದೊಡ್ಡ ತಾಪತ್ರಯ. ಹಾಗಂತ ದೊಡ್ಡ ಸ್ವಿಚ್ಚೂ ಬೇಡ. ಹಾಸಿಗೆಯಿಂದ ಬಾತ್‌ರೂಮಿನವರೆಗೆ ಮೊಣಕಾಲಿಗಿಂತ ಕೆಳಗೆ ಎರಡು-ಮೂರು ಸಣ್ಣ ನೈಟ್ ಲೈಟ್ ಇರಲಿ, ಬಣ್ಣ ಕೆಂಪು ಅಥವಾ ಕಡು ಹಳದಿ. ಬೆಳಕು ನೆಲದ ಮೇಲೆ ಬೀಳಬೇಕು, ಕಣ್ಣಿಗೆ ಬೀಳಬಾರದು. ನಾನು ಬಾತ್‌ರೂಮಿನಲ್ಲಿ ಒಂದನ್ನು ಕನ್ನಡಿಗೆ ಎದುರಾಗಿ ಹಾಕಿ ಮೋಸಹೋದೆ, ಒಂದು ದೀಪ ಎರಡಾಗಿ ಕಣ್ಣಿಗೇ ಹೊಡೆಯಿತು. ಕೊನೆಗೆ ಬಾಗಿಲ ಹಿಂದಿನ, ನೀರು ತಾಗದ ಪ್ಲಗ್ಗಿಗೆ ಬದಲಿಸಿದೆ. ದಾರಿಯಲ್ಲಿರುವ ಚಪ್ಪಲಿ, ಚಾರ್ಜರ್ ವೈರು, ಜಾರುವ ಕಾಲೊರಸು ಸಂಜೆಯೇ ತೆಗೆದಿಡಿ.

ಗಂಟೆ ನೋಡಲು ಫೋನ್ ಎತ್ತಬೇಡಿ. ಗಂಟೆ ತಿಳಿದು ಆಗಬೇಕಾದ್ದೇನೂ ಇಲ್ಲ. ವಾಪಸ್ ಬಂದು ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬಿಟ್ಟು ಮಲಗಿ. 28 ವಾರದ ಮೇಲೆ ಮಗ್ಗುಲಾಗಿಯೇ ನಿದ್ದೆಗೆ ಜಾರುವುದು ಒಳ್ಳೆಯದು. ನಡುವೆ ಎಚ್ಚರವಾಗಿ ನೋಡಿದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹೊರಳಿದರೆ ಆಯಿತು.

ಬೆಳಿಗ್ಗೆ ಇದರ ಉಲ್ಟಾ

ಎದ್ದ ಮೇಲೆ ಪರದೆ ಸರಿಸಿ, ಸಾಧ್ಯವಾದರೆ ಅರ್ಧ ಗಂಟೆ ಹೊರಗಿರಿ. ಬಯಲಿನ ಬೆಳಕು ಸಾವಿರಾರು ಲಕ್ಸ್, ಮನೆಯೊಳಗಿನದ್ದು ಅದರ ಮುಂದೆ ಏನೇನೂ ಅಲ್ಲ. ಹಗಲಿನ ಬೆಳಕು ಚೆನ್ನಾಗಿ ಸಿಕ್ಕರೆ ರಾತ್ರಿಯ ಲಯವೂ ಗಟ್ಟಿಯಾಗುತ್ತದೆ. ನಡೆಯಬಾರದು ಎಂದು ಡಾಕ್ಟರ್ ಹೇಳಿದ್ದರೆ ಕಿಟಕಿಯ ಪಕ್ಕವೇ ಕೂರಿ.

ಮೆಲಟೋನಿನ್ ಮಾತ್ರೆ ಸಿಗುತ್ತದಲ್ಲ ಅಂತ ಕೇಳುತ್ತಾರೆ. ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬೇಡಿ.

ಕೆಲವಕ್ಕೆ ದೀಪ ಮದ್ದಲ್ಲ. ಅಂಗೈ, ಅಂಗಾಲು ರಾತ್ರಿ ಹೊತ್ತು ತಡೆಯಲಾರದಷ್ಟು ತುರಿಸುವುದು, ಜೋರು ತಲೆನೋವು, ಕಣ್ಣ ಮುಂದೆ ಮಿಂಚು ಹೊಡೆದಂತಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಅಂತ ಕಾಯದೆ ಆಗಲೇ ಫೋನ್ ಮಾಡಿ. ಹೊಸದಾಗಿ ಜೋರು ಗೊರಕೆ ಶುರುವಾಗಿದ್ದರೆ ಮುಂದಿನ ತಪಾಸಣೆಯಲ್ಲಿ ಮರೆಯದೆ ಹೇಳಿ. ಗೊರಕೆ ಹೊಡೆಯುವವರಿಗೆ ಅದು ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರನ್ನು ಕೇಳಿ ನೋಡಿ. ನಾನೂ ಹಾಗೇ ಕೇಳಿದೆ. ಗೊರಕೆ ಗಂಡನೊಬ್ಬನದ್ದೇ ಅಲ್ಲ, ನನ್ನದೂ ಇದೆ ಅಂತ ಆವತ್ತು ಗೊತ್ತಾಯಿತು.