ಮಲಗಿದವರ ಕಾಲಿನ ಬಲ ಉಳಿಸಿಕೊಳ್ಳುವುದು ಹೇಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವುದು ನನ್ನ ಕೆಲಸ. ಅಡಿಕೆ ಮರದಿಂದ ಬಿದ್ದ ಗಂಡಸರೂ ಸಿಗುತ್ತಾರೆ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯಂದಿರೂ ಸಿಗುತ್ತಾರೆ. ಗಂಡಸನ್ನು ಮನೆಯವರು ಬೇಗ ಎಬ್ಬಿಸುತ್ತಾರೆ, ತೋಟ ಕಾಯುತ್ತಿರುತ್ತದೆ ಅಲ್ವಾ. ಅಜ್ಜಿಗೆ ಮಾತ್ರ ‘ಪಾಪ, ಮಲಗಿರಲಿ’. ನನ್ನ ಪ್ರಕಾರ ಅವಸರ ಇರುವುದು ಅಜ್ಜಿಗೇ.

ಮಲಗಿದ್ದರೆ ಕಾಲಿಗೆ ಆಗುವುದು ಬಾಹ್ಯಾಕಾಶದಲ್ಲಿ ಆಗುವಂಥದ್ದೇ. ಭಾರ ಹೊರದ ಎಲುಬು, ಸ್ನಾಯು ಕರಗುತ್ತವೆ. ಗಗನಯಾತ್ರಿಗಳ ಸೊಂಟದ ಎಲುಬು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆದದ್ದಿದೆ. ಬಾಹ್ಯಾಕಾಶ ನಿಲ್ದಾಣದ ಯಂತ್ರದಲ್ಲಿ ಗಟ್ಟಿ ಕಸರತ್ತು ಮಾಡಿ, ಸರಿಯಾಗಿ ಉಂಡವರಲ್ಲಿ ಗಂಡು-ಹೆಣ್ಣು ಎಂಬ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇರುವುದು ಇಡುಗಂಟಿನಲ್ಲಿ, ಅಂದರೆ ಮೊದಲೇ ಕೂಡಿಟ್ಟ ಎಲುಬಿನಲ್ಲಿ. ಹೆಂಗಸರ ಇಡುಗಂಟು ಮೊದಲೇ ಚಿಕ್ಕದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಹಾರ್ಮೋನು ಇಳಿದು ಇನ್ನೂ ಬೇಗ ಖರ್ಚಾಗುತ್ತದೆ.

ಮೊದಲು ಡಾಕ್ಟರ ಹತ್ತಿರ ಒಂದು ಮಾತು ಕೇಳಿ: ಪೆಟ್ಟಾದ ಕಾಲಿಗೆ ಎಷ್ಟು ಭಾರ ಹಾಕಬಹುದು? ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಆಮೇಲೆ ಬೈರಾಸನ್ನು (ಟವೆಲ್) ಸುರುಳಿ ಸುತ್ತಿ ಮಂಡಿಯ ಕೆಳಗಿಡಿ. ಮಂಡಿಯಿಂದ ಅದನ್ನು ಒತ್ತಲು ಹೇಳಿ, ಐದು ಎಣಿಸುವವರೆಗೆ. ನಿಮ್ಮ ಅಂಗೈ ಮಂಡಿಚಿಪ್ಪಿನ ಸ್ವಲ್ಪ ಮೇಲಿರಲಿ. ಕೈಯಡಿ ಮಾಂಸ ಗಟ್ಟಿಯಾದರೆ ಸರಿ. ಮುಖ ಮಾತ್ರ ಕೆಂಪಾದರೆ ಉಸಿರು ಬಿಗಿಹಿಡಿದಿದ್ದಾರೆ ಅಂತ. ಅದಕ್ಕೇ ನಾನು ತುಳುವಿನಲ್ಲಿ ‘ಒಂಜಿ, ರಡ್ಡ್, ಮೂಜಿ’ ಅಂತ ಅವರಿಂದಲೇ ಗಟ್ಟಿಯಾಗಿ ಎಣಿಕೆ ಮಾಡಿಸುತ್ತೇನೆ. ಎಣಿಸುವ ಬಾಯಿ ಉಸಿರು ಕಟ್ಟುವುದಿಲ್ಲ. ಹತ್ತು ಸಲ ಸಾಕು, ದಿನಕ್ಕೆ ಮೂರು ಹೊತ್ತು. ನಡುನಡುವೆ ಪಾದವನ್ನು ಮೇಲೆ ಕೆಳಗೆ ಆಡಿಸಲಿ. ಮೀನಖಂಡ ಬಹಳ ಬೇಗ ಸೋಲುತ್ತದೆ.

ಎಬ್ಬಿಸುವಾಗ ಅವಸರ ಬೇಡ. ಬಾಹ್ಯಾಕಾಶದಿಂದ ಮರಳಿದ ಮೇಲೆ ನಿಂತಾಗ ತಲೆ ತಿರುಗುವುದು ಹೆಂಗಸರಲ್ಲೇ ಜಾಸ್ತಿ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೆಲವು ನಿಮಿಷ ಕೂರಿಸಿ, ಆಮೇಲೆ ನಿಲ್ಲಿಸಿ. ಡಾಕ್ಟರು ಬಿಟ್ಟರೆ ವಾಕರ್ ಹಿಡಿಸಿ ಚಾವಡಿವರೆಗೆ ನಡೆಸಿ. ಎಲುಬಿಗೆ ಬೇಕಾದ್ದು ಭಾರ, ಮಾಲೀಸು ಅಲ್ಲ.

ಊಟದ ವಿಷಯದಲ್ಲಿ ಬೂತಾಯಿ ಮೀನು, ಮೊಟ್ಟೆ, ಹೆಸರುಕಾಳು ಎಲ್ಲ ಒಳ್ಳೆಯದೇ. ಬರೀ ಗಂಜಿ-ಉಪ್ಪಿನಕಾಯಿಯಲ್ಲಿ ಸ್ನಾಯು ನಿಲ್ಲುವುದಿಲ್ಲ. ಆದರೆ ಸುಮ್ನೆ ತಿನ್ನಿಸಿದರೂ ಆಗದು. 2005ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಬಾಹ್ಯಾಕಾಶದ ಪರಿಣಾಮ ತಿಳಿಯಲು 24 ಹೆಂಗಸರನ್ನು ತಲೆ 6 ಡಿಗ್ರಿ ಕೆಳಗೆ ಮಾಡಿ 60 ದಿನ ಮಲಗಿಸಿದ್ದರು. ಹೆಚ್ಚು ಪ್ರೋಟೀನ್ ಮಾತ್ರ ತಿಂದ ಗುಂಪಿನ ತೊಡೆಯ ಸ್ನಾಯು ಉಳಿಯಲಿಲ್ಲ. ವ್ಯಾಯಾಮ ಮಾಡಿದವರದ್ದು ಉಳಿಯಿತು.

ಇನ್ನೊಂದು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಎಣ್ಣೆ ಹಾಕಿ ಉಜ್ಜಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ವ್ಯಾಯಾಮ ನಿಲ್ಲಿಸಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.